ತಿಪ್ಪಮ್ಮ ಅಂದರೆ ಯಾಕೆ ನಾಚಿಕೆ?



ಪಾಪಿನಾಯಕನಹಳ್ಳಿ ಅಂದ ಕೂಡಲೇ ಹೊರಗಿನವರು ಹಲ್ಲು ಕಿರಿಯುತ್ತಾರೆ. 'ಯಾವ ಪಾಪ ಮಾಡಿದ್ನೋ ನಿಮ್ಮ ನಾಯಕ?' ಅಂತಾರೆ. ಅದಕ್ಕೇ ಏನೋ, ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ನಾವೂ ಪಿ.ಕೆ. ಹಳ್ಳಿ ಅಂತೀವಿ. ಪಾಪ ಅಂದರೆ ಪಾತಕ ಒಂದೇ ಅಲ್ಲ, ಕೂಸು ಅಂತಲೂ ಅರ್ಥ ಇದೆ. ಪಾಪಣ್ಣ, ಪಾಪಮ್ಮ, ಪಾಪಯ್ಯ ಅಂತ ಹೆಸರಿಟ್ಟ ತಾಯಂದಿರು ತಮ್ಮ ಮಕ್ಕಳನ್ನು ಪಾಪಿಗಳು ಅಂತ ಕರೆದವರಲ್ಲ. ಇದನ್ನೆಲ್ಲ ಬಿಡಿಸಿ ಹೇಳುವ ಪುರುಸೊತ್ತು ಯಾರಿಗಿದೆ? ಎರಡು ಇಂಗ್ಲಿಷ್ ಅಕ್ಷರದ ಹಿಂದೆ ಒಂದು ಊರೇ ಅಡಗಿ ಕೂತಿದೆ.

ನಮ್ಮ ಕೇರಿಯ ಓದಿದ ಹುಡುಗರೂ ಹಾಗೆಯೇ. ಹೆಸರಿನ ಮುಂದೆ 'ಟಿ.' ಅಂತ ಬರೆದುಕೊಳ್ಳುತ್ತಾರೆ. ಆ ಟಿ. ಏನಪ್ಪಾ ಅಂದರೆ ನೆಲ ನೋಡುತ್ತಾರೆ. ಅದು ತಿಪ್ಪಣ್ಣ. ಹೆತ್ತ ಅಪ್ಪನ ಹೆಸರು.

ಈಗ ಈ ಮಾತು ಯಾಕೆ ಬಂತು ಅಂದರೆ, ಕೇರಿಯಲ್ಲಿ ಒಂದು ಹೆಣ್ಣುಕೂಸು ಹುಟ್ಟಿದೆ. ಇದಕ್ಕೆ ಮೊದಲು ಆ ತಾಯಿ ಹೆತ್ತ ಎರಡು ಕೂಸುಗಳು ಉಳಿಯಲಿಲ್ಲ. ತೊಟ್ಟಿಲಿಗೆ ಹಾಕುವ ದಿನ ಅಜ್ಜಿ, 'ತಿಪ್ಪಮ್ಮ ಅಂತ ಕರೀರಿ' ಅಂದಳು. ನಾವು ಹುಡುಗರು ಎದ್ದು ನಿಂತೆವು. 'ಯವ್ವಾ, ಇನ್ನೂ ತಿಪ್ಪೇನಾ? ಸಾಕು ಬಿಡು' ಅಂತ ಶುರು ಮಾಡಿ ಒಂದು ಭಾಷಣವನ್ನೇ ಬಿಗಿದೆವು. ಅಜ್ಜಿ ಎಲ್ಲ ಕೇಳಿಸಿಕೊಂಡು, 'ಎರಡು ಹೂತು ಬಂದೀನಿ. ಮಣ್ಣು ಹಾಕಾಕ ನಿಮ್ಮಲ್ಲಿ ಯಾರು ಬಂದಿದ್ರಿ?' ಅಂದಳು. ನಮ್ಮ ಬಾಯಿ ಕಟ್ಟಿತು.

ನಾವು ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಹೆಸರಿಗೂ ಕಾನೂನು ಇದೆ. ಬ್ರಾಹ್ಮಣನ ಹೆಸರು ಮಂಗಳವಾಗಿರಬೇಕು, ಕ್ಷತ್ರಿಯನದು ಬಲವನ್ನೂ ವೈಶ್ಯನದು ಧನವನ್ನೂ ಹೇಳಬೇಕು, ಶೂದ್ರನ ಹೆಸರು ಮಾತ್ರ ಕೇಳಿದರೆ ಹೇಸಿಗೆ ಬರುವಂತಿರಬೇಕು. ಆ ಲೆಕ್ಕದಲ್ಲಿ ನಾಲ್ಕರ ಹೊರಗಿನ ನಮಗೆ ಹೆಸರಾದರೂ ಇತ್ತೋ ಇಲ್ಲವೋ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಬಾಬಾಸಾಹೇಬರ ಮುಂದಾಳತ್ವದಲ್ಲಿ ಸುಟ್ಟದ್ದು ಈ ಕಾನೂನನ್ನೂ ಸೇರಿಸಿಯೇ.

ಆದರೆ ಅಜ್ಜಿಗೆ ಮನು ಗೊತ್ತಿಲ್ಲ. ಅವಳಿಗೆ ಗೊತ್ತಿದ್ದದ್ದು ಸಾವು. ಹುಟ್ಟಿದ ಕೂಸುಗಳು ಸಾಲಾಗಿ ಸತ್ತಾಗ, ಮತ್ತೆ ಹುಟ್ಟಿದ್ದನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಮಲಗಿಸುವುದು. ಬೇರೆ ಮನೆಯವರು ಬಂದು ಎತ್ತಿಕೊಳ್ಳುವುದು. 'ಇದು ನಮ್ಮದಲ್ಲ, ತಿಪ್ಪೇಲಿ ಸಿಕ್ಕಿದ್ದು, ಯಾರಿಗೂ ಬೇಡವಾದದ್ದು' ಅಂತ ಸಾವಿಗೆ ಕೇಳುವಂತೆ ಸಾರುವುದು. ಕಸ ಅಂತ ಸಾವು ಮುಟ್ಟದೆ ಹೋಗಲಿ ಅಂತ. ಗುಂಡಪ್ಪ, ಕಲ್ಲಪ್ಪ ಅನ್ನುವ ಎಷ್ಟೋ ಹೆಸರುಗಳ ಹಿಂದೆಯೂ ಇಂಥದೇ ಹರಕೆ. ಮನು ಹೇಸಿಗೆಯ ಹೆಸರು ಕೇಳಿದ್ದು ನಮ್ಮನ್ನು ತುಳಿಯುವುದಕ್ಕೆ. ತಾಯಿ ಅದನ್ನು ಇಟ್ಟದ್ದು ಕೂಸನ್ನು ಉಳಿಸಿಕೊಳ್ಳುವುದಕ್ಕೆ. ಕೈಯಲ್ಲಿ ಡಿಗ್ರಿ ಹಿಡಿದ ನಮಗೆ ಈ ಎರಡರ ನಡುವಿನ ಅಂತರ ಕಾಣಲಿಲ್ಲವಲ್ಲ!

ಇದು ನಮ್ಮ ಕೇರಿಯ ಹೆಸರು ಮಾತ್ರ ಅಂತಲೂ ತಿಳಿಯಬೇಡಿ. ತಿಪ್ಪಣ್ಣ, ತಿಪ್ಪೇಸ್ವಾಮಿ ಮೇಲುಜಾತಿಯ ಮನೆಗಳಲ್ಲೂ ಇದ್ದಾರೆ. ತಮಿಳಿನಲ್ಲಿ ಕುಪ್ಪೆ ಅಂದರೆ ಕಸ. ಅಲ್ಲಿ ಬ್ರಾಹ್ಮಣರಲ್ಲೇ ಕುಪ್ಪುಸ್ವಾಮಿ ಶಾಸ್ತ್ರಿಗಳಿದ್ದರು. ನಮ್ಮ ಪಕ್ಕದ ಹಂಪಿಯನ್ನೇ ನೋಡಿ. 15ನೇ ಶತಮಾನದಲ್ಲಿ ಅರಸು ಎರಡನೆಯ ದೇವರಾಯನ ಸೋದರಿಯನ್ನು ಮದುವೆಯಾದ ಸರದಾರನ ಹೆಸರು ಸಾಳುವ ತಿಪ್ಪ. ತಿಪ್ಪ ಅಂದರೆ ತ್ರಿಪುರಾಂತಕ ಅಂತ ಅರ್ಥ ಬಿಡಿಸುವವರೂ ಉಂಟು. ಇರಲಿ. ಅರಮನೆಯ ತಿಪ್ಪ ತ್ರಿಪುರಾಂತಕ ಆಗುತ್ತಾನೆ, ಕೇರಿಯ ತಿಪ್ಪ ತಿಪ್ಪೆಯಲ್ಲೇ ಉಳಿಯುತ್ತಾನೆ!

ನಮ್ಮ ಸಿಟ್ಟು ಹೋಗಬೇಕಾದದ್ದು ಇಲ್ಲಿಗೆ. ತಾಯಿ ಇಟ್ಟದ್ದು ತಿಪ್ಪಣ್ಣ, ದುರುಗಪ್ಪ, ಹುಲಿಗೆಮ್ಮ. ಅಣ್ಣ, ಅಪ್ಪ, ಅಮ್ಮ ಅನ್ನುವ ಮರ್ಯಾದೆಯನ್ನು ಅವಳು ಹುಟ್ಟಿದ ದಿನವೇ ಹೆಸರಿಗೆ ಕಟ್ಟಿಕೊಟ್ಟಿದ್ದಾಳೆ. ಅದನ್ನು ಕತ್ತರಿಸಿದವರು ಯಾರು? 'ಲೇ ತಿಪ್ಯಾ', 'ಬಾರಲೇ ದುರುಗ್ಯಾ' ಅಂತ ಕರೆದವರು ಯಾರು? ಜಗಲಿಯ ಮೇಲೆ ಕೂತ ಹತ್ತು ವರುಷದ ಹುಡುಗ ಅರವತ್ತು ವರುಷದ ನಮ್ಮ ಅಜ್ಜನನ್ನು ಹಾಗೆ ಕರೆದದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ಅಜ್ಜ ಹೆಸರು ಬದಲಿಸಿ ರಾಜಶೇಖರ ಅಂತ ಇಟ್ಟುಕೊಂಡಿದ್ದರೂ ಜಗಲಿಯ ಮೇಲಿನಿಂದ ರಾಜ್ಯಾ ಅಂತಲೇ ಕೂಗು ಬರುತ್ತಿತ್ತು.

ಹುಲಿಗೆಮ್ಮನ ಹೆಸರಿಗೂ ಇದೇ ಮಾತು. ಹೊಳೆಯ ಆಚೆ ದಡದ ಹುಲಿಗಿಯ ತಾಯಿಯ ಹೆಸರು ಈ ಸೀಮೆಯಲ್ಲಿ ಮನೆಮನೆಯಲ್ಲೂ ಇದೆ. ಆ ತಾಯಿಯ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿದರಲ್ಲ, 1982ರ ಕಾಯ್ದೆ ಅಪರಾಧ ಅಂತ ಬರೆದದ್ದು ಅದನ್ನು. ಹೆಸರನ್ನಲ್ಲ.

ಹಾಗಂತ ಹೊಸ ಹೆಸರು ಬೇಡ ಅಂತ ನಾವು ಹೇಳುತ್ತಿಲ್ಲ. ತಿಪ್ಪಮ್ಮ ಅನ್ನುವ ಹೆಸರು ತೊಟ್ಟಿಲುಗಳಲ್ಲಿ ಕಡಿಮೆಯಾಗಿದೆ, ಆಗಲಿ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ವರುಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. ಸಾವಿನ ಭಯ ಇಳಿದಲ್ಲಿ ಸಾವಿಗೆ ಸುಳ್ಳು ಹೇಳುವ ಹೆಸರೂ ಇಳಿಯುತ್ತದೆ. ಅದು ಸಂತೋಷದ ಸಂಗತಿ. ಭೀಮರಾವ್ ಅಂತ ಇಡಿ. ಭೀಮಪ್ಪ, ಭೀಮವ್ವ ಮೊದಲಿನಿಂದಲೂ ಇದ್ದ ಹೆಸರುಗಳಾದ್ದರಿಂದ ಬಾಬಾಸಾಹೇಬರು ನಮ್ಮ ಬಾಯಿಗೆ ಸಲೀಸಾಗಿ ಬಂದರು. ಸಾವಿತ್ರಿ ಅಂತ ಇಡಿ, ಆದರೆ ಗಂಡನ ಹಿಂದೆ ಯಮನತನಕ ಹೋದ ಸಾವಿತ್ರಿಯಲ್ಲ, 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಸಾವಿತ್ರಿ ಅಂತ ಹೇಳಿಕೊಡಿ. ಪುನೀತ್ ಅಂತ ಇಟ್ಟರೂ ನಮ್ಮ ತಕರಾರಿಲ್ಲ. 2022ರಲ್ಲಿ ಹೊಸಪೇಟೆಯಲ್ಲಿ ಆತನ ಪ್ರತಿಮೆ ನಿಂತಾಗ ಕುಣಿದವರಲ್ಲಿ ನಾವೂ ಇದ್ದೆವು. ಆತನಿಗೂ ಮೊದಲು ಇಟ್ಟ ಹೆಸರು ಲೋಹಿತ್. ಆದರೆ ಹೊಸದನ್ನು ಇಡುವ ಭರದಲ್ಲಿ ಹಳೆಯ ತಿಪ್ಪಮ್ಮಂದಿರನ್ನು 'ಟಿ.'ಯೊಳಗೆ ಹೂಳಬೇಡಿ. ರೇಷನ್ ಕಾರ್ಡಿನಲ್ಲಿ, ಶಾಲೆಯ ದಾಖಲೆಯಲ್ಲಿ, ಲಗ್ನಪತ್ರಿಕೆಯಲ್ಲಿ ಪೂರ್ತಿ ಬರೆಸಿ. ಯಾರಾದರೂ 'ಅಣ್ಣ', 'ಅಮ್ಮ' ಬಿಟ್ಟು ಕರೆದರೆ ತಿರುಗಿ ನೋಡಬೇಡಿ.

ಇಷ್ಟೆಲ್ಲ ಗದ್ದಲದಲ್ಲಿ ಕೂಸಿನ ತಾಯಿಯನ್ನು ಯಾರೂ ಕೇಳಿರಲಿಲ್ಲ. ಅಜ್ಜಿಯೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಮರುದಿನ ಹೋಗಿ ಕೇಳಿದೆವು. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಬೇಕು, ಹೆಸರು ಖಾಲಿ ಬಿಟ್ಟು ಹನ್ನೆರಡು ತಿಂಗಳೊಳಗೆ ದುಡ್ಡಿಲ್ಲದೆ ಸೇರಿಸಬಹುದು ಅಂತ ತಿಳಿಸಿ, 'ಏನು ಬರೆಸೋಣವ್ವ?' ಅಂದೆವು. ಅವಳು ತೊಟ್ಟಿಲು ತೂಗುತ್ತಾ, 'ಖಾಲೀನೇ ಇರ್ಲಿ ಬಿಡಣ್ಣ. ವರುಷ ತುಂಬ್ಲಿ, ಆಮ್ಯಾಲೆ ನಾನೇ ಬಂದು ಬರೆಸ್ತೀನಿ' ಅಂದಳು.