ಅಂತರ್ಜಾಲದ ಅರವಟ್ಟಿಗೆಗಳು

ಬೇಸಿಗೆ ಬಂತೆಂದರೆ ಜಾತ್ರೆಯ ದಾರಿಯಲ್ಲಿ, ಸಂತೆಯ ಮಗ್ಗುಲಲ್ಲಿ ಅರವಟ್ಟಿಗೆಗಳು ಏಳುತ್ತವೆ. ಬೊಗಸೆಯೊಡ್ಡಿದವರಿಗೆ ನೀರು, ಕೆಲವೆಡೆ ಮಜ್ಜಿಗೆ, ಪಾನಕ. ಹಣ ಕೇಳುವವರಿಲ್ಲ. ಹಾಗೆಂದು ಆ ನೀರಿಗೆ ಖರ್ಚೇ ಇಲ್ಲವೆಂದಲ್ಲ. ಗುಡಾಣ ತಂದವರು ಯಾರೋ, ನೀರು ಹೊತ್ತವರು ಯಾರೋ. ಅಂತರ್ಜಾಲದಲ್ಲಿಯೂ ಇಂತಹ ಅರವಟ್ಟಿಗೆಗಳಿವೆ. ಅವು ಎಲ್ಲಿವೆ, ಅವುಗಳ ಖರ್ಚು ಯಾರದು ಎಂಬುದನ್ನು ವಿದ್ಯಾರ್ಥಿಗಳೂ ಪೋಷಕರೂ ಅರಿತಿದ್ದರೆ ಎಷ್ಟೋ ಹಣ ಉಳಿಯುತ್ತದೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯಲ್ಲಿ ತೆಂಗು ಬೆಳೆಗಾರರ ಮನೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಮಗಳು ಹತ್ತನೆಯ ತರಗತಿ. ಮನೆಗೆಲ್ಲ ಒಂದೇ ಸ್ಮಾರ್ಟ್ ಫೋನು. ಪಾಠದ ಆ್ಯಪ್ ಮಾರುವವರೊಬ್ಬರು ಬಾಗಿಲಿಗೆ ಬಂದು, "ಕಂತಿನಲ್ಲಿ ಕಟ್ಟಿ ಸಾಕು, ಹುಡುಗಿಗೆ ತೊಂಬತ್ತೈದು ಪರ್ಸೆಂಟ್ ಗ್ಯಾರಂಟಿ" ಎನ್ನುತ್ತಾರೆ. ತಾಯಿ ಮಗಳ ಮುಖ ನೋಡುತ್ತಾರೆ, ತಂದೆ ಅಟ್ಟದ ಕಡೆ ನೋಡುತ್ತಾರೆ. "ಕೊಬ್ಬರಿ ಸುಲಿಸಿದ ಮೇಲೆ ನೋಡೋಣ ಬನ್ನಿ ಸ್ವಾಮಿ" ಎಂಬ ಉತ್ತರ ಬರುತ್ತದೆ. ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದರೆ ತಾನೆ ಉಂಡೆಕೊಬ್ಬರಿ? ಅದರ ದುಡ್ಡಿಗೆ ಸೊಸೈಟಿ ಸಾಲ, ಗೊಬ್ಬರ, ಬೋರ್‌ವೆಲ್ ರಿಪೇರಿ ಎಂದು ಹತ್ತು ದಾರಿಗಳು ಆಗಲೇ ಕಾದಿರುತ್ತವೆ. ಹನ್ನೊಂದನೆಯ ದಾರಿಯನ್ನು ತೆರೆಯುವ ಮುನ್ನ, ಕೈಯಲ್ಲಿರುವ ಫೋನಿನಲ್ಲೇ ಪುಕ್ಕಟೆಯಾಗಿ ಏನು ಸಿಗುತ್ತದೆಂದು ನೋಡುವುದು ಜಾಣತನ.

ಮೊದಲನೆಯದು ತೆರಿಗೆಯ ಹಣದಿಂದ ನಡೆಯುವ ತಾಣಗಳು. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಶಾಲಾ ಪಠ್ಯಪುಸ್ತಕಗಳನ್ನು ಇಳಿಸಿಕೊಳ್ಳಬಹುದು. ಪುಸ್ತಕ ಕಳೆದುಹೋದರೂ ಓದು ನಿಲ್ಲಬೇಕಾಗಿಲ್ಲ. ಪಠ್ಯಪುಸ್ತಕದ ಪುಟಗಳಲ್ಲಿರುವ ಚೌಕಾಕಾರದ ಕ್ಯೂಆರ್ ಗುರುತು ಎಷ್ಟೋ ಮಕ್ಕಳಿಗೆ ಬರೀ ಅಲಂಕಾರವಾಗಿ ಕಾಣುತ್ತದೆ. 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಸರ್ಕಾರಿ ವೇದಿಕೆಯ ಮೂಲಕ ಅದನ್ನು ಓದಿಸಿದರೆ ಆ ಪಾಠಕ್ಕೆ ಸೇರಿದ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯ ತಾಣದಲ್ಲಿ ಎಸ್ಸೆಸ್ಸೆಲ್ಸಿಯ ಮಾದರಿ ಪ್ರಶ್ನೆಪತ್ರಿಕೆಗಳು ದೊರೆಯುತ್ತವೆ. ಇವುಗಳನ್ನೇ ಮುದ್ರಿಸಿ ಮಾರುವವರಿದ್ದಾರೆ. ಮೂಲ ಮಾತ್ರ ಪುಕ್ಕಟೆ.

ಎರಡನೆಯದು ವಿಶ್ವವಿದ್ಯಾಲಯಗಳು ಮತ್ತು ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ತಾಣಗಳು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಭೌತವಿಜ್ಞಾನಿ ಕಾರ್ಲ್ ವೈಮನ್ 'ಫೆಟ್' ಎಂಬ ಯೋಜನೆಯನ್ನು ಆರಂಭಿಸಿದರು. ಹಿಂದಿನ ವರ್ಷವಷ್ಟೇ ಅವರಿಗೆ ನೊಬೆಲ್ ಬಹುಮಾನ ಬಂದಿತ್ತು. ಇದು ಪರದೆಯ ಮೇಲಿನ ಪ್ರಯೋಗಶಾಲೆ. ಕೆಲವು ಪ್ರಯೋಗಗಳು ಕನ್ನಡದಲ್ಲಿಯೂ ಇವೆ. ಹತ್ತನೆಯ ತರಗತಿಯ ವಿದ್ಯುತ್ ಪಾಠವನ್ನೇ ನೋಡಬಹುದು. 9 ವೋಲ್ಟಿನ ಬ್ಯಾಟರಿಗೆ 10 ಓಮ್ ರೋಧಕವನ್ನು ಜೋಡಿಸಿದರೆ 0.9 ಆಂಪಿಯರ್ ವಿದ್ಯುತ್ ಹರಿಯುತ್ತದೆ. ವೋಲ್ಟನ್ನು 18ಕ್ಕೆ ಏರಿಸಿದರೆ ಅದು 1.8 ಆಗುತ್ತದೆ. ಬಾಯಿಪಾಠ ಮಾಡಿದ ಓಮನ ನಿಯಮ ಕಣ್ಣೆದುರು ನಡೆಯುತ್ತದೆ. ತಂತಿಯನ್ನು ತಪ್ಪಾಗಿ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಕಾಣುತ್ತದೆಯೇ ಹೊರತು ಮನೆಯ ಫ್ಯೂಸ್ ಹೋಗುವುದಿಲ್ಲ! ಗಣಿತದಲ್ಲಿ ಹಿಂದೆ ಬಿದ್ದವರಿಗೆ ಖಾನ್ ಅಕಾಡೆಮಿ ಇದೆ. ಅಲ್ಲಿ ಎಂಟನೆಯ ತರಗತಿಯಲ್ಲಿ ತಿಳಿಯದೆ ಉಳಿದುದನ್ನು ಹತ್ತರಲ್ಲಿ ಕುಳಿತು, ಯಾರಿಗೂ ನಾಚದೆ, ಮತ್ತೆ ಕಲಿಯಬಹುದು.

ಆದರೆ ಪರದೆಯಲ್ಲಿ ಕಂಡದ್ದು ಕೈಗೂ ಬರಬೇಕು. ಕಾನ್ಪುರ ಐಐಟಿಯಲ್ಲಿ ಓದಿದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಅವರ ಆಟಿಕೆಗಳ ತಾಣ ಇದಕ್ಕೆ ಹೇಳಿ ಮಾಡಿಸಿದ್ದು. ಕಡ್ಡಿಪೆಟ್ಟಿಗೆ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಕಾಗದ, ಎಲ್ಲವೂ ಅಲ್ಲಿ ವಿಜ್ಞಾನದ ಸಾಮಾನುಗಳೇ. ಒಂದು ಟಾರ್ಚ್ ಸೆಲ್ಲು, ಒಂದು ಅಯಸ್ಕಾಂತ, ಎರಡು ಪಿನ್ನು, ಒಂದಿಷ್ಟು ಎನಾಮಲ್ ತಾಮ್ರದ ತಂತಿ ಇದ್ದರೆ ಮೋಟಾರು ಸಿದ್ಧ. ಸುರುಳಿಯ ತುದಿಗಳ ಲೇಪವನ್ನು ಪೂರ್ತಿ ಹೆರೆಯದೆ ಒಂದು ಪಕ್ಕ ಉಳಿಸಬೇಕು. ಹಾಗೇಕೆ? ಪ್ರತಿ ಸುತ್ತಿನಲ್ಲಿಯೂ ಸ್ವಲ್ಪ ಹೊತ್ತು ವಿದ್ಯುತ್ ಕಡಿಯದಿದ್ದರೆ ಸುರುಳಿ ಮುಂದಕ್ಕೆ ತಿರುಗದೆ ಒಂದೆಡೆ ನಿಂತುಬಿಡುತ್ತದೆ. ಇದನ್ನು ಒಮ್ಮೆ ಮಾಡಿ ನೋಡಿದ ಮಗು ಆ ಪಾಠವನ್ನು ಸುಲಭವಾಗಿ ಮರೆಯದು.

ಮೂರನೆಯದು ಸ್ವಂತ ಆಸಕ್ತಿಯಿಂದ ದುಡಿದವರು ಕಟ್ಟಿದ ತಾಣಗಳು. 'ಅಲರ್' ಎಂಬ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ ಈ ನಿಘಂಟು 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಲೇಖನಗಳನ್ನೂ ಸ್ವಯಂಸೇವಕರೇ ಬರೆಯುತ್ತಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ವಿದ್ವಾಂಸ ತೀ.ನಂ.ಶ್ರೀಕಂಠಯ್ಯನವರ ಬಗೆಗೆ ಅಲ್ಲಿಂದಲೇ ಓದನ್ನು ಆರಂಭಿಸಬಹುದು. ಇನ್ನೂ ಹಳೆಯದು ಬೇಕಾದವರಿಗೆ ಇಂಟರ್‌ನೆಟ್ ಆರ್ಕೈವ್ ಎಂಬ ಗ್ರಂಥಾಲಯವಿದೆ. ಬಿ.ಎಲ್.ರೈಸ್ ಅವರು 1904ರಲ್ಲಿ ಪ್ರಕಟಿಸಿದ ತುಮಕೂರು ಜಿಲ್ಲೆಯ ಶಾಸನ ಸಂಪುಟವನ್ನು ಅಲ್ಲಿ ಹುಡುಕಿ, ತಮ್ಮ ತಾಲ್ಲೂಕಿನ ಯಾವ ಊರುಗಳಲ್ಲಿ ಶಾಸನಗಳಿವೆಯೆಂದು ಮಕ್ಕಳು ಪಟ್ಟಿ ಮಾಡಬಹುದು. ಗುಡಿಯ ಮುಂದಿನ ಕಲ್ಲು ಅಂದಿನಿಂದ ಬರೀ ಕಲ್ಲಾಗಿ ಉಳಿಯದು.

ಇಷ್ಟೆಲ್ಲ ಮಕ್ಕಳಿಗಾಯಿತು, ತಂದೆಗೇನು ಲಾಭ? ರಾಜ್ಯ ಸರ್ಕಾರದ 'ಕೃಷಿ ಮಾರಾಟ ವಾಹಿನಿ'ಯಲ್ಲಿ ಮಾರುಕಟ್ಟೆಗಳ ಧಾರಣೆ ಸಿಗುತ್ತದೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರವು ಉಂಡೆಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಕನಿಷ್ಠ ಬೆಂಬಲ ಬೆಲೆ ನಿಗದಿ ಮಾಡಿತ್ತು. ಮಗಳು ವಾರಕ್ಕೆರಡು ಸಲ ತಿಪಟೂರಿನ ಧಾರಣೆಯನ್ನು ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ನಕ್ಷೆ ಎಳೆದರೆ ಅದು ಗಣಿತದ ಅಭ್ಯಾಸವೂ ಹೌದು, ಮನೆಯ ಲೆಕ್ಕವೂ ಹೌದು. ಕೊಬ್ಬರಿ ಕೇಳಿಕೊಂಡು ಅಂಗಳಕ್ಕೆ ಬಂದವರು ಬೆಲೆ ಹೇಳಿದಾಗ ತಂದೆ ಒಮ್ಮೆ ಮಗಳತ್ತ ತಿರುಗಿ, "ಎಷ್ಟೈತವ್ವಾ ಇವತ್ತು?" ಎಂದು ಕೇಳುವಂತಾದರೆ ಅದಕ್ಕಿಂತ ದೊಡ್ಡ ಅಂಕಪಟ್ಟಿ ಬೇಕೆ?

ಇನ್ನು ಎಚ್ಚರಿಕೆಯ ಮಾತು. ಪುಕ್ಕಟೆ ಎನ್ನುವುದೆಲ್ಲ ಅರವಟ್ಟಿಗೆಯಲ್ಲ. ಖರ್ಚು ಯಾರದೆಂದು ತಿಳಿಯದ ತಾಣವು ಅದನ್ನು ಬೇರೆ ದಾರಿಯಿಂದ ವಸೂಲಿ ಮಾಡುತ್ತಿರಬಹುದು. ಜಾಹೀರಾತಿನಿಂದಲೋ, ಮಕ್ಕಳ ಹೆಸರು, ಫೋನ್ ನಂಬರುಗಳನ್ನು ಕೂಡಿಡುವುದರಿಂದಲೋ. ಪಾಠ ಓದಲು ಬ್ಯಾಂಕಿನ ವಿವರವಾಗಲಿ ಓಟಿಪಿಯಾಗಲಿ ಬೇಕಾಗಿಲ್ಲ. ಕೇಳಿದರೆ ಅಲ್ಲಿಂದ ಹೊರಬರುವುದೇ ಸರಿ. ಫಲಿತಾಂಶ, ವಿದ್ಯಾರ್ಥಿವೇತನಗಳ ಹೆಸರಿನಲ್ಲಿ ನಕಲಿ ತಾಣಗಳು ಹುಟ್ಟಿಕೊಳ್ಳುತ್ತವೆ. ಸರ್ಕಾರಿ ತಾಣಗಳ ವಿಳಾಸ ಸಾಮಾನ್ಯವಾಗಿ 'ಜಿಒವಿ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆ ಎಂಬುದನ್ನು ನೆನಪಿಡಬೇಕು. ವಿಕಿಪೀಡಿಯದಲ್ಲಿ ಓದಿದ್ದನ್ನೂ ಪಠ್ಯದೊಡನೆ ಹೋಲಿಸಿ, ಅನುಮಾನ ಬಂದರೆ ಮೇಷ್ಟ್ರನ್ನು ಕೇಳಬೇಕು.

ಎಲ್ಲ ತಾಣಗಳನ್ನೂ ಒಂದೇ ದಿನ ತಡಕಾಡಿದರೆ ಯಾವುದೂ ದಕ್ಕದು. ಸಂಜೆ ಅರ್ಧ ಗಂಟೆ, ನಡುಮನೆಯಲ್ಲಿ, ದೊಡ್ಡವರ ಕಣ್ಣೆದುರಿಗೆ ಫೋನು ಹಿಡಿದರೆ ಸಾಕು. ಕೂರುವ ಮೊದಲು ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಉತ್ತರ ಸಿಕ್ಕಿದ ಮೇಲೆ ಫೋನನ್ನು ಕೆಳಗಿಡಬೇಕು. ಪ್ರಶ್ನೆಯಿಲ್ಲದೆ ಫೋನು ತೆರೆದವರನ್ನು ಅದು ತನಗೆ ಬೇಕಾದ ಕಡೆಗೆ ಎಳೆದೊಯ್ಯುತ್ತದೆ. ಮೂರು ತಿಂಗಳು ಹೀಗೆ ನಡೆಸಿದ ಮೇಲೂ ಹಣ ಕೊಟ್ಟು ಕಲಿಯಬೇಕಾದುದು ಉಳಿದಿದ್ದರೆ ಆಗ ಯೋಚಿಸಬಹುದು. ಅಟ್ಟದ ಮೇಲಿನ ಕೊಬ್ಬರಿ ಅಲ್ಲಿಯವರೆಗೆ ಅಲ್ಲೇ ಇರುತ್ತದೆ.