ಮನೆಗೆ ಯಾವ ಸೌರವಿದ್ಯುತ್ತು?

ವಿದ್ಯಾರ್ಥಿಗಳೇ,

ಸೂರ್ಯನು ತನ್ನ ಬೆಳಕಿಗೆ ಯಾರಿಂದಲೂ ಬೆಲೆಯನ್ನು ಕೇಳುವುದಿಲ್ಲ. ಆದರೆ ಆ ಬೆಳಕನ್ನು ವಿದ್ಯುತ್ತಾಗಿ ಮಾರ್ಪಡಿಸುವ ಸಲಕರಣೆಗೆ ನಾವು ಹಣವನ್ನು ತೆರಲೇಬೇಕು. ಆದುದರಿಂದ ಕೊಳ್ಳುವುದಕ್ಕೆ ಮೊದಲು ಅದರ ಬಗೆಗಳನ್ನು ಅರಿತಿರುವುದು ಲೇಸು. ಈ ಅರಿವು ಹಿರಿಯರಲ್ಲಿದ್ದರೆ ಸಾಲದು, ನಿಮ್ಮಲ್ಲಿಯೂ ಇರಬೇಕೆಂಬುದು ನನ್ನ ಮತ.

1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಬಳಕೆಗೆ ಒದಗುವಂಥ ಸಿಲಿಕಾನ್ ಸೌರಕೋಶವನ್ನು ಲೋಕಕ್ಕೆ ತೋರಿಸಿದರು. ಇಂದು ಮಾಳಿಗೆಗಳ ಮೇಲೆ ಕಾಣುವ ಫಲಕಗಳು ಬಹುಮಟ್ಟಿಗೆ ಅದರ ಸಂತತಿಯೇ. ಫಲಕವು ಕೊಡುವುದು ಏಕಮುಖ ಪ್ರವಾಹ. ಮನೆಯ ತಂತಿಗಳಲ್ಲಿ ಹರಿಯುವುದು ಪರ್ಯಾಯ ಪ್ರವಾಹ. ಮೊದಲನೆಯದನ್ನು ಎರಡನೆಯದಾಗಿ ಪರಿವರ್ತಿಸುವ ಯಂತ್ರವೇ ಇನ್ವರ್ಟರು.

ಗೃಹಬಳಕೆಯ ವ್ಯವಸ್ಥೆಗಳಲ್ಲಿ ಮೂರು ಬಗೆಗಳಿವೆ. ಮೊದಲನೆಯದು ಊರಿನ ವಿದ್ಯುತ್ ಜಾಲಕ್ಕೆ ಜೋಡಿಸಿದ್ದು. ಹಗಲಿನಲ್ಲಿ ಹೆಚ್ಚಾದ ವಿದ್ಯುತ್ತು ಜಾಲಕ್ಕೆ ಸೇರುತ್ತದೆ, ರಾತ್ರಿ ಬೇಕಾದುದು ಜಾಲದಿಂದ ಬರುತ್ತದೆ. ಎರಡರ ಲೆಕ್ಕವನ್ನೂ ಮೀಟರು ಇಡುತ್ತದೆ. ಇದಕ್ಕೆ ಬ್ಯಾಟರಿ ಬೇಡ. ಆದುದರಿಂದ ವೆಚ್ಚವೂ ಕಡಿಮೆ. ಎರಡನೆಯದು ಜಾಲದ ಹಂಗಿಲ್ಲದೆ ಬ್ಯಾಟರಿಯನ್ನು ನಂಬಿದ್ದು. ಮೂರನೆಯದು ಇವೆರಡರ ಮಿಶ್ರಣ. ಅನುಕೂಲ ಹೆಚ್ಚು, ಬೆಲೆಯೂ ಹೆಚ್ಚು.

ಇಲ್ಲಿ ಹಲವರು ಮೋಸಹೋಗುವುದುಂಟು. ಮಾಳಿಗೆಯ ಮೇಲೆ ಫಲಕವಿದ್ದರೆ ಊರೆಲ್ಲ ಕತ್ತಲಾದರೂ ತಮ್ಮ ಮನೆಯ ದೀಪ ಉರಿಯುವುದೆಂದು ಅವರು ಎಣಿಸುತ್ತಾರೆ. ಮೊದಲನೆಯ ಬಗೆಯಲ್ಲಿ ಹಾಗಾಗದು. ಜಾಲದ ವಿದ್ಯುತ್ತು ನಿಂತೊಡನೆ ಇನ್ವರ್ಟರೂ ನಿಲ್ಲುತ್ತದೆ. ನಿಲ್ಲದಿದ್ದರೆ ಕಂಬವೇರಿ ತಂತಿಯನ್ನು ಸರಿಪಡಿಸುತ್ತಿರುವ ಕೆಲಸಗಾರನ ಜೀವಕ್ಕೆ ಅಪಾಯ. ಇದನ್ನು ಕೊರತೆಯೆಂದು ದೂರುವುದು ತಿಳಿಗೇಡಿತನ.

ಎರಡನೆಯ ಬಗೆಯ ಹಿರಿಮೆಯನ್ನು ನಮ್ಮ ಕನ್ನಡನಾಡಿನಲ್ಲಿ ಕಾಣಬಹುದು. 1995ರಲ್ಲಿ ಸ್ಥಾಪಿತವಾದ ಸೆಲ್ಕೊ ಸಂಸ್ಥೆಯು ಹಳ್ಳಿಯ ಬಡವರ ಮನೆಗಳಿಗೆ ಸೌರದೀಪವನ್ನು ಒಯ್ದಿತು. ಅದರ ಸಂಸ್ಥಾಪಕರಲ್ಲೊಬ್ಬರಾದ ಹರೀಶ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ತಂತಿಯೇ ತಲುಪದ ಗುಡಿಸಲಿಗೆ ಬ್ಯಾಟರಿಯು ವರವೇ ಸರಿ. ಆದರೆ ಅಪರೂಪಕ್ಕೊಮ್ಮೆ ವಿದ್ಯುತ್ತು ನಿಲ್ಲುವ ಮಹಾನಗರದಲ್ಲಿ ಬ್ಯಾಟರಿಗೆ ಹಣ ಸುರಿಯುವುದು ಒಣ ಪ್ರತಿಷ್ಠೆಯಾದೀತು.

ನಗರದ ನಿಜವಾದ ತೊಡಕು ಬೇರೆ. ಒಂದು ಕಿಲೋವಾಟಿನ ಫಲಕಗಳಿಗೆ ನೆರಳಿಲ್ಲದ ಸುಮಾರು 100 ಚದರಡಿ ಜಾಗ ಬೇಕು. ಅದರಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟಿನಷ್ಟು ವಿದ್ಯುತ್ತು ದೊರೆಯಬಹುದು. ನಮ್ಮಲ್ಲಿ ಎಷ್ಟು ಜನರಿಗೆ ಸ್ವಂತ ಮಾಳಿಗೆಯಿದೆ? ಚಾಳಿನ ಒಂದು ಕೋಣೆಯಲ್ಲಿ ಬಾಳುವವನ ತಲೆಯ ಮೇಲಿರುವುದು ಇನ್ನೊಬ್ಬನ ನೆಲ. ಆದರೆ ಕಟ್ಟಡದ ನೆತ್ತಿಯ ಮೇಲಿನ ಬಿಸಿಲು ಎಲ್ಲರಿಗೂ ಸೇರಿದ್ದು. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರಕಾರದ ಸೂರ್ಯಘರ್ ಯೋಜನೆಯು ವಸತಿ ಸೊಸೈಟಿಗಳ ಸಾಮಾನ್ಯ ಸೌಕರ್ಯಗಳಿಗಾಗಿ ಕಿಲೋವಾಟಿಗೆ 18,000 ರೂಪಾಯಿಗಳ ಸಹಾಯಧನವನ್ನು ಗೊತ್ತುಪಡಿಸಿತು. ನೀರಿನ ಪಂಪು, ಮೆಟ್ಟಿಲಿನ ದೀಪಗಳು ಬಿಸಿಲಿನ ಗಳಿಕೆಯಿಂದ ನಡೆದರೆ ಪ್ರತಿಯೊಂದು ಸಂಸಾರದ ಹೊರೆಯೂ ಹಗುರಾಗುವುದು. ನಗರವಾಸಿಗಳಿಗೆ ಜಾಲಕ್ಕೆ ಜೋಡಿಸಿದ, ಎಲ್ಲರೂ ಕೂಡಿ ಹಾಕಿಸುವ ವ್ಯವಸ್ಥೆಯೇ ತಕ್ಕುದೆಂದು ನಾನು ಹೇಳುವುದು ಇದರಿಂದಲೇ.

ಈ ರಜೆಯಲ್ಲಿ ನೀವೊಂದು ಕೆಲಸ ಮಾಡಿರಿ. ಮನೆಯ ವಿದ್ಯುತ್ ಬಿಲ್ಲನ್ನು ಓದಿ, ತಿಂಗಳಿಗೆ ಎಷ್ಟು ಯೂನಿಟ್ಟು ವ್ಯಯವಾಗುವುದೆಂದು ಬರೆದಿಡಿರಿ. ಹಿರಿಯರೊಡನೆ ಮಾಳಿಗೆಗೆ ಹೋಗಿ, ನೆರಳು ಎಲ್ಲೆಲ್ಲಿ ಬೀಳುವುದೆಂದು ನೋಡಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಬಿಸಿಲಿಗೂ ಸಲ್ಲುತ್ತದೆ.