ಗೋಡೆಯ ಮೇಲಿನ ನಕಾಶೆ

"ಮುತ್ಯಾ, ಗ್ವಾಡಿ ಮ್ಯಾಲ ಆಸ್ಟ್ರೇಲಿಯಾ ಮೂಡ್ಯದ ನೋಡು!"

ಕಳೆದ ಶ್ರಾವಣದಲ್ಲಿ ಹೈದರಾಬಾದಿನಿಂದ ದುಬಲಗುಂಡಿಗೆ ಬಂದಿದ್ದ ಮೊಮ್ಮಗಳು ಒಳಗಿನ ಖೋಲಿಯಿಂದ ಕೂಗಿದಳು. ಆರನೇ ತರಗತಿ, ಭೂಗೋಳದ ಹುಚ್ಚು. ಹೋಗಿ ನೋಡಿದರೆ ಟ್ರಂಕಿನ ಹಿಂದಿನ ಮೂಲೆಯಲ್ಲಿ ನಿಜಕ್ಕೂ ಒಂದು ಭೂಖಂಡವೇ ಇತ್ತು. ನಡುವೆ ಕಪ್ಪು, ಅಂಚಿಗೆ ಹಸಿರು. ನಾವಿಬ್ಬರೂ ನಕ್ಕೆವು.

ಆ ರಾತ್ರಿ ಅವಳಿಗೆ ಕೆಮ್ಮು ಶುರುವಾಯಿತು. ಮೂರನೆಯ ರಾತ್ರಿಗೆ ಎದೆಯಲ್ಲಿ ಸಿಳ್ಳೆ ಹೊಡೆದಂಥ ಸದ್ದು. ಬೆಳಗಾಗುತ್ತಲೇ ಹುಮನಾಬಾದಿಗೆ ಕರೆದುಕೊಂಡು ಹೋದೆವು. ಡಾಕ್ಟರರು ಉಸಿರಿನ ಔಷಧಿ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: "ಹೈದರಾಬಾದ್‌ನಾಗೂ ಹಿಂಗೇ ಆಗ್ತದೇನ್ರಿ ಈಕಿಗೆ?" ಇಲ್ಲ, ಅಲ್ಲಿ ಆಗುವುದಿಲ್ಲ. ಸೊಸೆ ಏನೂ ಅನ್ನಲಿಲ್ಲ. "ಇನ್ನ ಮ್ಯಾಲ ಮಳಿಗಾಲ ಮುಗದ ಮ್ಯಾಲ ಬರ್ತೀವ್ರಿ ಮಾಮಾ" ಎಂದಳು ಅಷ್ಟೆ. ನನ್ನ ಮನೆಯಾಕೆ ಮಾತ್ರ ಆ ದಿನ ಸರಿಯಾಗಿ ಊಟ ಮಾಡಲಿಲ್ಲ. ಮೊಮ್ಮಕ್ಕಳು ಬರಲಾಗದ ಮನೆ ಎಂಥ ಮನೆ ಎಂಬುದು ಅವಳ ಸಂಕಟ.

ಹುಡುಗಿಯ ಹಾಸಿಗೆಯನ್ನು ಪಡಸಾಲೆಗೆ ಹಾಕಿದೆವು. ಎರಡು ದಿನಕ್ಕೆ ಕೆಮ್ಮು ಇಳಿಯಿತು. ಅಂದರೆ ಕಳ್ಳ ಒಳಗಿನ ಖೋಲಿಯಲ್ಲೇ ಇದ್ದಾನೆ. ಹಿಡಿಯಲು ನಾವು ಹೊರಟೆವು. ಆಯಿಯ ಕಟ್ಟಪ್ಪಣೆ ಏನೆಂದರೆ, ಮೊಮ್ಮಗಳು ಹೊಸ್ತಿಲು ದಾಟಬಾರದು. ಅವಳು ನೋಟುಪುಸ್ತಕ ಹಿಡಿದು ಪಡಸಾಲೆಯಲ್ಲಿ ಕೂತಳು, ನಾನು ಮೂಗಿಗೆ ಮಾಸ್ಕ್ ಕಟ್ಟಿ ಒಳಗೆ ಹೋದೆ.

ಮಕ್ಕಳೇ, ರೊಟ್ಟಿಗೆ ಬರುವ ಬೂಸರವನ್ನು ನೀವು ನೋಡಿರುತ್ತೀರಿ. ಪುಸ್ತಕದ ಕನ್ನಡದಲ್ಲಿ ಅದಕ್ಕೆ ಬೂಷ್ಟು, ಶಿಲೀಂಧ್ರ ಎನ್ನುತ್ತಾರೆ. ಗೋಡೆಗೆ ಬರುವುದೂ ಅದೇ ಕುಲದ್ದು. ಅದಕ್ಕೆ ಬೀಜವಿಲ್ಲ, ಬದಲಿಗೆ ಬೀಜಕಗಳಿವೆ. ನಿಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಆದರೆ, ಬಹಳಷ್ಟು ಬೀಜಕಗಳು 2ರಿಂದ 10 ಮೈಕ್ರಾನ್ ಅಷ್ಟೇ. ಕಣ್ಣಿಗೆ ಕಾಣದೆ ಎಲ್ಲ ಮನೆಗಳ ಗಾಳಿಯಲ್ಲೂ ತೇಲುತ್ತಿರುತ್ತವೆ. 1928ರಲ್ಲಿ ಲಂಡನ್ನಿನ ಅಲೆಕ್ಸಾಂಡರ್ ಫ್ಲೆಮಿಂಗ್ ಅವರ ಗಾಜಿನ ತಟ್ಟೆಯ ಮೇಲೆ ಹೀಗೆ ಎಲ್ಲಿಂದಲೋ ಬಂದು ಬಿದ್ದ ಬೂಷ್ಟಿನಿಂದಲೇ ಪೆನ್ಸಿಲಿನ್ ಸಿಕ್ಕಿತು. ಆದ್ದರಿಂದ ಬೂಷ್ಟು ಪೂರಾ ದುಷ್ಟನಲ್ಲ. ಒಣ ಗೋಡೆಯ ಮೇಲೆ ಬಿದ್ದರೆ ಸುಮ್ಮನೆ ಕೂತಿರುತ್ತದೆ. ನೀರು ಸಿಕ್ಕಿತೋ, ಸಂಸಾರ ಹೂಡುತ್ತದೆ. ಅದರ ಬೀಜಕಗಳು ಕೆಲವರ ಶ್ವಾಸನಾಳವನ್ನು ಕೆರಳಿಸುತ್ತವೆ, ಅಸ್ತಮಾ ಇದ್ದವರಿಗೆ ಉಬ್ಬಸ ತರುತ್ತವೆ. ಆಸ್ಟ್ರೇಲಿಯಾ ಕಂಡದ್ದು ಗೊತ್ತೇ ಇತ್ತು. ಅದಕ್ಕೆ ನೀರು ಕುಡಿಸುತ್ತಿದ್ದವರು ಯಾರು ಎಂಬುದನ್ನು ಪತ್ತೆ ಮಾಡಬೇಕಿತ್ತು.

ಮೊದಲು ಒಂದು ಹನಿ ನೀರಿನ ಪರೀಕ್ಷೆ. ಗೋಡೆಯ ಬುಡದಲ್ಲಿ, ಮೊಣಕಾಲಿನ ಮಟ್ಟದವರೆಗೆ, ಬಿಳಿ ಹಿಟ್ಟಿನಂಥದ್ದು ಅಂಟಿತ್ತು. ನೀರು ತಾಗಿಸಿದೆ, ಕರಗಿತು. ಅದು ಬೂಷ್ಟಲ್ಲ, ಸವುಳು ಉಪ್ಪು. ಮೇಲಿನ ಮೂಲೆಯ ಕಪ್ಪಿಗೆ ನೀರು ತಾಗಿಸಿದೆ, ಕರಗಲಿಲ್ಲ, ಹಚ್ಚಿಕೊಂಡಿತು. "ಕೆಳಗ ಉಪ್ಪು, ಮ್ಯಾಲ ಬೂಸರ" ಎಂದು ಹೊಸ್ತಿಲಾಚೆ ಬರೆದುಕೊಳ್ಳಲಾಯಿತು.

ಆಮೇಲೆ ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆ. ಅಂಗೈಯಗಲದ ಎರಡು ತುಂಡು ಕತ್ತರಿಸಿ, ಗೋಡೆಯ ಬುಡದಲ್ಲೊಂದು, ಮೇಲಿನ ಮೂಲೆಯ ಹತ್ತಿರವೊಂದು, ನಾಲ್ಕೂ ಅಂಚಿಗೆ ಟೇಪು ಬಿಗಿದು ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದೆವು. ಬುಡದ ಹಾಳೆಯ ಬೆನ್ನಿಗೆ, ಅಂದರೆ ಗೋಡೆಯ ಕಡೆಗೆ, ಹನಿ ಕಟ್ಟಿತ್ತು. ಮೇಲಿನ ಹಾಳೆಯ ಬೆನ್ನು ಒಣಗಿತ್ತು, ಖೋಲಿಯ ಕಡೆಯ ಮುಖ ಮಾತ್ರ ಬೆವತಿತ್ತು. ಹಾಗಾದರೆ ಬುಡಕ್ಕೆ ನೀರು ಬರುವುದು ಗೋಡೆಯೊಳಗಿಂದ, ಮೂಲೆಗೆ ಬರುವುದು ಖೋಲಿಯ ಗಾಳಿಯಿಂದ. ಕಳ್ಳರು ಇಬ್ಬರು!

ಗಾಳಿಯ ತೇವ ಅಳೆಯುವ ಪುಟ್ಟ ಯಂತ್ರವನ್ನು ಮಗ ತರಿಸಿಕೊಟ್ಟ. ಗಡಿಯಾರದಂತೆ ಗೋಡೆಗೆ ತೂಗುಹಾಕುವಂಥದ್ದು. ಮನೆಯೊಳಗಿನ ತೇವಾಂಶ ನೂರಕ್ಕೆ 60ರ ಒಳಗಿದ್ದರೆ ಬೂಷ್ಟಿಗೆ ಬೆಳೆಯುವುದು ಕಷ್ಟ. ಪಡಸಾಲೆಯಲ್ಲಿ 68 ತೋರಿಸಿತು, ಒಳಗಿನ ಖೋಲಿಯಲ್ಲಿ 84.

ನಗರದಲ್ಲಿ ಈ ಕೆಲಸಕ್ಕೆಂದೇ ಜನ ಇದ್ದಾರೆ, ಯಂತ್ರ ತಂದು ಗಾಳಿ ಪರೀಕ್ಷೆ ಮಾಡುತ್ತಾರೆ, ಕರೆಸೋಣವೇ ಎಂದು ಮಗ ಕೇಳಿದ. ಸಣ್ಣ ಪಂಪಿನಿಂದ ನಿಮಿಷಕ್ಕೆ ಸುಮಾರು 15 ಲೀಟರ್ ಗಾಳಿ ಎಳೆದು, ಅಂಟು ಸವರಿದ ಗಾಜಿಗೆ ಬೀಜಕಗಳನ್ನು ಹಿಡಿದು, ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಹೊರಗಿನ ಗಾಳಿಯನ್ನೂ ಎಣಿಸಿ ಹೋಲಿಸದಿದ್ದರೆ ಆ ಲೆಕ್ಕಕ್ಕೆ ಅರ್ಥವಿಲ್ಲ. ಇಷ್ಟು ಬೀಜಕ ಇದ್ದರೆ ಕ್ಷೇಮ ಎಂಬ ಒಪ್ಪಿತ ಸಂಖ್ಯೆ ಯಾವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದರ ಬಗ್ಗೆಯೇ ಮಾರ್ಗಸೂಚಿ ತಂದಾಗಲೂ ಸಂಖ್ಯೆ ಹೇಳಲಿಲ್ಲ, ತೇವವನ್ನೇ ತಡೆಯಿರಿ ಎಂದಿತು. ಕಣ್ಣೆದುರಿಗೇ ಕಾಣುತ್ತಿರುವಾಗ ಎಣಿಸಲು ದುಡ್ಡು ಏಕೆ? ನಾನು ಬೇಡ ಅಂದೆ. ಬೂಷ್ಟು ಕಾಣದೆ ಬರೀ ವಾಸನೆ ಬರುವ ಮನೆಗಾದರೆ ಮಾತು ಬೇರೆ.

ಅಂದಹಾಗೆ ಮನೆ ತಪಾಸಣೆ ಹೊಸದೇನಲ್ಲ. ಬೈಬಲಿನ ಯಾಜಕಕಾಂಡದಲ್ಲಿ ಗೋಡೆಗೆ ಹಸಿರು ಇಲ್ಲವೇ ಕೆಂಪು ಕಲೆ ಬಂದರೆ ಪುರೋಹಿತ ಬಂದು ನೋಡಬೇಕು, ಏಳು ದಿನ ಮನೆ ಮುಚ್ಚಿ ಮತ್ತೆ ನೋಡಬೇಕು, ಹರಡಿದ್ದರೆ ಕಲ್ಲು ಕಿತ್ತು ಗೋಡೆ ಕೆರೆದು ಹೊಸದಾಗಿ ಮೆತ್ತಬೇಕು ಎಂಬ ವಿಧಿ ಇದೆ. ನಮ್ಮ ಹಿರಿಯರೂ ಗಾಳಿ ಪರೀಕ್ಷೆ ಮಾಡುತ್ತಿದ್ದರು. ಅಜ್ಜಂದಿರೇ, ಹಗೇವು ನೆನಪಿದೆಯೇ? ನೆಲದೊಳಗಿನ ಜೋಳದ ಗುಂಡಿ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹುಳ ಸಾಯುವುದೂ ಅದರಿಂದಲೇ, ಅವಸರ ಮಾಡಿ ಇಳಿದ ಮನುಷ್ಯ ಸಾಯುವುದೂ ಅದರಿಂದಲೇ. ಅದಕ್ಕೇ ಬಾಯಿ ತೆರೆದಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಮಕ್ಕಳೇ, ದೀಪ ಉರಿದರೂ ನೀವಂತೂ ಇಳಿಯಬೇಡಿ. ಕೆಲವು ವಿಷಗಾಳಿ ದೀಪಕ್ಕೆ ತಿಳಿಯುವುದಿಲ್ಲ.

ಇರಲಿ, ಕಳ್ಳರ ಕಡೆಗೆ ಬರುತ್ತೇನೆ. ನಮ್ಮ ಮನೆ ನನ್ನ ಮುತ್ಯಾ ಕಟ್ಟಿಸಿದ್ದು. ಎರಡು ಅಡಿ ದಪ್ಪದ ಗೋಡೆ, ಜಂಬಿಟ್ಟಿಗೆ ಕಲ್ಲು, ಮಣ್ಣಿನ ಮಾಳಿಗೆ. ಬೀದರ್ ಕೋಟೆಯ ಕಂದಕ ಕಡಿದದ್ದು ಈ ಜಾತಿಯ ಕಲ್ಲಿನಲ್ಲೇ. ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿ 1807ರ ತನ್ನ ಪುಸ್ತಕದಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ. ನಮ್ಮವರ ಜಂಬಿಟ್ಟಿಗೆಯಲ್ಲೂ ಇಟ್ಟಿಗೆಯೇ ಇದೆ ನೋಡಿ! ಈ ಕಲ್ಲಿನ ತುಂಬ ತೂತು. ದೀಪದ ಬತ್ತಿ ಎಣ್ಣೆ ಎಳೆದಂತೆ ನೆಲದ ನೀರು ಎಳೆಯುತ್ತದೆ. ಹಿಂದೆಲ್ಲ ಎಳೆದ ನೀರು ಸುಣ್ಣದ ಗಾರೆಯ ಮೂಲಕ ಆರಿಹೋಗುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಆ ಗಾರೆ ಉದುರುತ್ತದೆಂದು ಸಿಮೆಂಟಿನ ಗಿಲಾವು ಮಾಡಿಸಿ, ಮೇಲೆ ಎಣ್ಣೆ ಬಣ್ಣ ಹೊಡೆಸಿದವನು ನಾನು. ಮುದುಕ ಗೌಂಡಿಯೊಬ್ಬರು "ಬ್ಯಾಡ್ರಿ, ಗ್ವಾಡಿ ಉಸರು ಕಟ್ತದ" ಅಂದಿದ್ದರು. ಹಳೇ ಕಾಲದ ಮಾತು ಎಂದುಕೊಂಡೆ. ಮಾಳಿಗೆಯ ಬೆಳಕಿಂಡಿಯಿಂದ ಮಳೆ ಸಿಡಿಯುತ್ತದೆಂದು ಅದನ್ನು ಮುಚ್ಚಿಸಿದವನೂ ನಾನೇ. ಪಕ್ಕದ ಬಚ್ಚಲಿನ ಹಬೆ, ಒಣಗದ ಬಟ್ಟೆ, ಐದು ಜನರ ಉಸಿರು ಎಲ್ಲ ಆ ತಣ್ಣನೆಯ ಮೂಲೆಗೆ ಹೋಗಿ ನೀರಾಗುತ್ತಿತ್ತು. ಟ್ರಂಕು ಬೇರೆ ಗೋಡೆಗೆ ಒತ್ತಿಕೊಂಡಿತ್ತು.

"ಮೊದಲ ಒಲಿ ಹೊಗಿಗೆ ಬೂಸರ ಬರ್ತಿರಲಿಲ್ಲ" ಎಂದು ಮನೆಯಾಕೆಯ ವಾದ. ಹೊಗೆ ಮಾಳಿಗೆಯನ್ನು ಒಣಗಿಸುತ್ತಿದ್ದದ್ದು ನಿಜ. ನನ್ನ ಅವ್ವ ಅದೇ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಸವೆದದ್ದೂ ನಿಜ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಒಲೆ ಮತ್ತೆ ಬರುವುದು ಬೇಡ.

ಮೊಮ್ಮಗಳು ಊರಿಗೆ ಹೋದ ಮೇಲೆ ಕೆಲಸ ಹಿಡಿದೆವು. ಕಪ್ಪನ್ನು ಒಣ ಪೊರಕೆಯಿಂದ ಕೆರೆಯಬಾರದು, ಬೀಜಕ ಮನೆಯೆಲ್ಲ ಹಾರುತ್ತದೆ. ಸಾಬೂನು ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಿದೆ. ನಮ್ಮದು ಎರಡು ಚದರ ಅಡಿ ಇತ್ತು. 10 ಚದರ ಅಡಿಗಿಂತ ಹೆಚ್ಚಿದ್ದರೆ ತಿಳಿದವರನ್ನು ಕರೆಯುವುದೇ ಲೇಸು. ಬ್ಲೀಚಿಂಗ್ ನೀರನ್ನೂ ಕಕ್ಕಸು ತೊಳೆಯುವ ಆಸಿಡ್ಡನ್ನೂ ಎಂದೂ ಕೂಡಿಸಬೇಡಿ, ವಿಷಗಾಳಿ ಏಳುತ್ತದೆ. ಬೆಳಕಿಂಡಿ ತೆರೆದು, ಮಳೆ ಸಿಡಿಯದಂತೆ ತಗಡಿನ ಟೊಪ್ಪಿಗೆ ಇಡಿಸಿದೆ. ಗೋಡೆಯಾಚೆ ನಿಲ್ಲುತ್ತಿದ್ದ ಬಚ್ಚಲ ನೀರಿಗೆ ಕಾಲುವೆ ಮಾಡಿಸಿದೆ. ಟ್ರಂಕು ಒಂದು ಗೇಣು ಮುಂದೆ ಬಂತು. ಮೂರು ಅಡಿ ಎತ್ತರದವರೆಗೆ ಸಿಮೆಂಟು ಕೆತ್ತಿಸಿದೆವು. ಆ ಗೌಂಡಿ ಈಗಿಲ್ಲ, ಅವರ ಮಗ ಬಂದಿದ್ದ. ಮೊದಲ ಪೆಟ್ಟಿಗೆ ಹಲ್ಲೆಯಂತೆ ಬಿದ್ದ ಸಿಮೆಂಟಿನ ಹಿಂದೆ ಕಲ್ಲು ಒದ್ದೆಯಾಗಿ ಹೊಳೆಯುತ್ತಿತ್ತು. "ಅಪ್ಪ ಹೇಳಿದ್ರಂತಲ್ರಿ" ಎಂದ, ನಕ್ಕ. ನನಗೆ ನಗು ಬರಲಿಲ್ಲ.

ಕಲ್ಲು ಬೇಸಿಗೆಯವರೆಗೂ ಬತ್ತಲೆಯೇ ಇತ್ತು. ಪೂರಾ ಆರಿದ ಮೇಲೆ ಸುಣ್ಣದ ಗಾರೆ ಮೆತ್ತಿಸಿದೆವು. ಈ ವರ್ಷದ ಮಳೆ ಶುರುವಾಗಿದೆ. ಯಂತ್ರ ಕ್ಯಾಲೆಂಡರಿನ ಪಕ್ಕದಲ್ಲಿ ತೂಗುತ್ತಿದೆ. ಕನ್ನಡಕ ಹಾಕದೆ ಅಂಕಿ ಕಾಣದ ಮನೆಯಾಕೆ ದಿನಾ ಮುಂಜಾನೆ ಚಹಾ ಕೊಡುವಾಗ ಕೇಳುತ್ತಾಳೆ: "ಇವತ್ತ ಎಷ್ಟ ಅದ?"

ಇವತ್ತು 63. ಹೈದರಾಬಾದಿಗೆ ಫೋನು ಮಾಡಿ ಹೇಳಿದೆ. "ಅರವತ್ತಕ್ಕ ಬಂದ ದಿನ ನಾ ಬ್ಯಾಗು ತುಂಬ್ತೀನಿ ಮುತ್ಯಾ" ಅಂದಿದ್ದಾಳೆ.